ಎಡಕ್ಕೆ ವಾಲಿದ ದೀಪ

ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಸಪ್ಪಳ ಕೇಳಿದರೆ ಬಂದವರು ಯಾರೆಂದು ಯಾರೂ ತಿರುಗಿ ನೋಡುತ್ತಿರಲಿಲ್ಲ. ಮೊದಲು ಮಗ್ಗ ಮುಚ್ಚುತ್ತಿದ್ದರು. ಮಗ್ಗದ ಪಕ್ಕದ ಗೋಡೆಗೆ ಒಂದು ಗೂಟ, ಗೂಟಕ್ಕೆ ಅವ್ವನ ಹಳೆಯ ಕೌದಿಯ ಅರ್ಧ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಟ್ಟು ಕುಳಿತ ಅಪ್ಪ ಏಳದೆಯೇ, ಒಂದು ಕೈಯಲ್ಲಿ ಲಾಳಿ ಹಿಡಿದುಕೊಂಡು ಇನ್ನೊಂದು ಕೈಯಿಂದ ಕೌದಿ ಎಳೆದು, ನೇಯ್ದಷ್ಟು ಸೀರೆಯ ಮೇಲೆ ಹಾಸುತ್ತಿದ್ದ. ಆಮೇಲೆ "ಯಾರು? ಬರ್ರಿ, ಬರ್ರಿ" ಎಂದು ನಗುತ್ತಿದ್ದ. ಸ್ವಂತ ಅಕ್ಕ ಬಂದರೂ ಅಷ್ಟೇ, ಹಾಲಿನವನು ಬಂದರೂ ಅಷ್ಟೇ. ಮೊಬೈಲು ಬಂದ ಮೇಲೆ ಅಪ್ಪನ ಅನುಮಾನಕ್ಕೆ ಇನ್ನೊಂದು ಕಣ್ಣು ಮೂಡಿತು. ಬಂದವರು ಕಿಸೆಗೆ ಕೈ ಹಾಕಿದರೆ ಸಾಕು, ಆ ಕೈಗೆ ಸರಿಯಾಗಿ ನೀರಿನ ಚೊಂಬು ಕೊಡಿಸುತ್ತಿದ್ದ. ನಮ್ಮ ಮನೆಯಲ್ಲಿ ಅತಿಥಿಗಳಿಗೆ ನೀರು ಬಹಳ ಸಿಗುತ್ತದೆ ಎಂದು ಓಣಿಯಲ್ಲಿ ಒಳ್ಳೆಯ ಹೆಸರಿತ್ತು.

ನಾರಾಯಣಪೇಟೆಯ ಸೀರೆಯ ಮೈ ಎಂದರೆ ಚೌಕುಳಿ. ಅದರಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ, ಊರಿನ ಮಗ್ಗಗಳೆಲ್ಲ ಅದನ್ನೇ ನೇಯುತ್ತವೆ. ಒಬ್ಬ ನೇಕಾರನನ್ನು ಇನ್ನೊಬ್ಬನಿಂದ ಬೇರೆ ಮಾಡುವುದು ಅಂಚು ಒಂದೇ. ಹೊಸ ಅಂಚು ಕಟ್ಟಿದವನಿಗೆ ಒಂದು ಮದುವೆ ಹಂಗಾಮಿನಷ್ಟು ಕಾಲ ಅದು ತನ್ನದು; ಆಮೇಲೆ ಯಾರೋ ನೋಡುತ್ತಾರೆ, ಅದು ಊರಿನದಾಗುತ್ತದೆ. ಹೀಗಾಗಿ ನಮಗೆ ಅನುಮಾನ ಎನ್ನುವುದು ದುರ್ಗುಣವಾಗಿರಲಿಲ್ಲ, ಕಸಬಿನ ಒಂದು ಭಾಗವಾಗಿತ್ತು. ಅವ್ವ ಅಂಗಡಿಯಲ್ಲಿ ತೂಗಿ ಕೊಟ್ಟ ನೂಲನ್ನು ಮನೆಗೆ ತಂದು ಮತ್ತೆ ತೂಗುತ್ತಿದ್ದಳು. ಶೇಂಗಾ ಎಣ್ಣೆಯನ್ನು ಅಂಗೈಗೆ ಹಚ್ಚಿ ಮೂಸಿ ನೋಡದೆ ಡಬ್ಬಿಗೆ ಸುರಿಯುತ್ತಿರಲಿಲ್ಲ. ನಾವು ಆಯಿ ಎಂದು ಕರೆಯುತ್ತಿದ್ದ ಅಪ್ಪನ ತಾಯಿಯಂತೂ ಹಾಲಿನ ಒಂದು ಹನಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟು, ಅದು ಹರಿಯುವ ರೀತಿ ನೋಡಿ ಹಾಲಿನವನ ವಂಶಾವಳಿ ಹೇಳುತ್ತಿದ್ದಳು. ನಾನು ಹೇಳುತ್ತಿರುವುದು ನಮ್ಮೂರು ಹೊಸ ರಾಜ್ಯಕ್ಕೆ ಸೇರಿದ ವರ್ಷದ ಮಾತು. ಊರೆಲ್ಲ ಗುಲಾಲು ಎರಚಿ ಕುಣಿದರೆ ಆಯಿ ಹೊಸ್ತಿಲಲ್ಲಿ ಕುಳಿತು ಅದನ್ನೂ ಪರೀಕ್ಷೆ ಮಾಡಿದಳು.

"ಬಾವಿ ಅಲ್ಲೇ ಐತಿ, ಗುಡಿ ಅಲ್ಲೇ ಐತಿ, ರಾಜ್ಯ ಹೆಂಗ ಬದಲಾತು? ಯಾರರ ಕಣ್ಣಾರೆ ನೋಡೀರೇನು?"

ಇಷ್ಟೆಲ್ಲ ಅನುಮಾನದ ಆಯಿ ಒಬ್ಬಳನ್ನು ಮಾತ್ರ ಪ್ರಶ್ನಿಸದೆ ನಂಬಿದ್ದಳು. ಅವಳು ಓಣಿಯ ತುದಿಯ ಬೇವಿನ ಮರದ ಕೆಳಗಿನ ಗುಡಿಯ ದೇವಿ ಚೌಡವ್ವ. ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯ ಉದ್ದೆಳೆಗಳನ್ನು, ಏರಿಸಿದಾಗ ಅಪ್ಪ ಮೊದಲು ಒಂದು ಗೇಣಿನಷ್ಟು ನೇಯ್ದು, ಅಂಚಿನ ಚಿತ್ರ ಸರಿಯಾಗಿ ಏಳುತ್ತದೋ ಇಲ್ಲವೋ ನೋಡುತ್ತಿದ್ದ. ಮಗ್ಗದ ಮೇಲಿನ ಡಾಬಿಗೆ ಕಟ್ಟಿಗೆ ಪಟ್ಟಿಗಳ ಒಂದು ಸರ ಇರುತ್ತದೆ. ಪಟ್ಟಿಯ ತೂತಿನಲ್ಲಿ ಬಿದಿರಿನ ಚಿಕ್ಕ ಗೂಟವಿದ್ದರೆ ಅಲ್ಲಿನ ಎಳೆಗಳು ಮೇಲೇಳುತ್ತವೆ, ಗೂಟವಿಲ್ಲದಿದ್ದರೆ ಇಲ್ಲ. ಒಂದು ಗೂಟ ಪಕ್ಕದ ತೂತಿಗೆ ಹೋದರೂ ಗಿಣಿಯ ಕೊಕ್ಕು ಬೆನ್ನಿಗೆ ಬರುತ್ತದೆ. ತಪ್ಪು ತಿದ್ದಿದ ಮೇಲೆ ಆ ಪರೀಕ್ಷೆಯ ಗೇಣನ್ನು ಕತ್ತರಿಸಿ ತೆಗೆದು, ಹಾಸನ್ನು ಮತ್ತೆ ಬಿಗಿದು ಸೀರೆ ಶುರು ಮಾಡುತ್ತಿದ್ದ. ಕತ್ತರಿಸಿದ ತುಂಡು ಆಯಿಯದು. ಅವಳು ಅದರ ತುದಿಗೆ ಅರಿಶಿನ ಹಚ್ಚಿ, ಹೋಗಿ ಚೌಡವ್ವನ ಬಾಗಿಲ ಚೌಕಟ್ಟಿಗೆ ಕಟ್ಟಿ ಬರುತ್ತಿದ್ದಳು. ದೇವಿಯ ಗೇಣು ಎನ್ನುತ್ತಿದ್ದಳು ಅದನ್ನು. ಓಣಿಯ ಉಳಿದ ಮನೆಗಳವರು ನೂಲಿನ ಒಂದೆಳೆ ಕಟ್ಟಿ ಕೈಮುಗಿದು ಮುಗಿಸುತ್ತಿದ್ದರು. ಆಯಿಗೆ ಅದು ಬರೀ ಜಿಪುಣತನ.

ಆ ವರ್ಷ ಅಪ್ಪ ಕಟ್ಟಿದ ಹೊಸ ಅಂಚು ಗುಡಿ-ದೀಪದ್ದು. ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುವ ಗುಡಿಯ ಸಾಲು ನಮ್ಮೂರಿಗೆ ಹಳೆಯದು. ಎರಡು ಗುಡಿಗಳ ನಡುವೆ ಒಂದು ದೀಪ ಇಡುವುದು ಅಪ್ಪನ ಯೋಚನೆ. ಪರೀಕ್ಷೆಯ ಗೇಣು ನೇಯುವಾಗ ನಾನು ಪಕ್ಕದಲ್ಲೇ ಕುಳಿತು ಗೂಟಗಳ ತುದಿ ಹೆರೆಯುತ್ತಿದ್ದೆ. ಮೊದಲ ದೀಪ ಎದ್ದಿತು, ಎರಡನೆಯದೂ ಎದ್ದಿತು, ಎರಡರ ಕುಡಿಯೂ ಎಡಕ್ಕೆ ವಾಲಿತ್ತು.

"ಥೂ ಇದರ, ಗಾಳಿಗೆ ಸಿಕ್ಕ ದೀಪ ಆತಲ್ಲ!"

ಅಪ್ಪ ಸರ ಇಳಿಸಿ ಒಂದು ಗೂಟ ಕಿತ್ತು ಪಕ್ಕದ ತೂತಿಗೆ ಹೊಡೆದ. ಸೀರೆಯಲ್ಲಿ ದೀಪದ ಕುಡಿ ನೆಟ್ಟಗೆ ನಿಂತಿತು. ವಾಲಿದ ದೀಪಗಳ ಗೇಣು ಎಂದಿನಂತೆ ಆಯಿಯ ಮಡಿಲಿಗೆ ಹೋಯಿತು, ನಾವು ಅದನ್ನು ಮರೆತೆವು.

ನಾನಾಗ ಒಂಬತ್ತನೇ ತರಗತಿ. ಹಿಂದಿನ ವರ್ಷಗಳಲ್ಲಿ ಹೊಸ ರಾಜ್ಯಕ್ಕಾಗಿ ಬಂದ್ ಬಂದ್ ಎಂದು ಶಾಲೆ ನಡೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು, ಕಂಪ್ಯೂಟರ್ ಕೋಣೆಯ ಬೀಗವಂತೂ ತುಕ್ಕು ಹಿಡಿದಿತ್ತು. ಆ ವರ್ಷ ರಜಿಯಾ ಟೀಚರ್ ಬಂದು ಬೀಗಕ್ಕೆ ಸೀಮೆಎಣ್ಣೆ ಬಿಟ್ಟು ತೆಗೆಸಿದರು. ಅವರ ಮನೆ ಪಕ್ಕದೂರು ಮಕ್ತಲ್‌ನಲ್ಲಿ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಗದ್ವಾಲದ ಒಂದು ಕಾಲೇಜಿನಲ್ಲಿ ಶಾಲೆಯ ಮಕ್ಕಳಿಗೆ ಪ್ರೋಗ್ರಾಂ ಬರೆಯುವ ಸ್ಪರ್ಧೆ ಇದೆ, ಇಬ್ಬಿಬ್ಬರ ಜೋಡಿ ಇರಬೇಕು, ಒಬ್ಬರನ್ನೇ ಸೇರಿಸುವುದಿಲ್ಲ ಎಂದು ಹೇಳಿ, ನನಗೆ ಸರಿತಾಳನ್ನು ಜೋಡಿ ಮಾಡಿದರು. ನನಗೆ ಅದೆಷ್ಟು ಬೇಕಾಗಿತ್ತೆಂದರೆ, ಆ ದಿನ ಮನೆಗೆ ಓಡಿಕೊಂಡೇ ಬಂದೆ. ನಮ್ಮ ಮನೆಯಲ್ಲಿ ನನ್ನ ಕೈಗೆ ಬಂದ ಕೆಲಸವೆಲ್ಲ ಬೇರೆಯವರ ಕೆಲಸದ ಅರ್ಧ: ಅವ್ವನಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುವುದು, ಅಪ್ಪನಿಗೆ ಗೂಟ ಹೆರೆಯುವುದು. ನಾನು ಹೇಳಿದಂತೆ ಕೇಳಿ, ನಾನು ತಪ್ಪಿದರೆ ತಾನೂ ತಪ್ಪುವ ಆ ಯಂತ್ರವೊಂದೇ ಪೂರ್ತಿ ನನ್ನದು ಎನಿಸಿತ್ತು. ಅಪ್ಪ ಊಟಕ್ಕೆ ಕುಳಿತಾಗ ಹೇಳಿದೆ.

"ಸರಿತಾ ಅಂದ್ರ ಹಿಂದಿನ ಓಣಿ ನರಸಪ್ಪನ ಮಗಳು ಹೌದಿಲ್ಲೋ?"

"ಹೌದಪ್ಪಾ."

"ಊರಾಗ ಬ್ಯಾರೆ ಹುಡುಗ್ಯಾರು ಇರಲಿಲ್ಲೇನು?"

"ಟೀಚರೇ ಜೋಡಿ ಮಾಡ್ಯಾರ."

"ಯಾಕ ಮಾಡ್ಯಾರ, ಕೇಳಿದೇನು?"

ನರಸಪ್ಪನ ಮನೆಯಲ್ಲೂ ಮಗ್ಗ. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಒಂದೇ ಗೋಡೆ. ಹಬ್ಬಕ್ಕೆ ಹೋಳಿಗೆ ಗೋಡೆಯ ಮೇಲಿಂದ ಆಚೆ ಈಚೆ ಹೋಗುತ್ತಿತ್ತು. ಹೋಳಿಗೆ ಕೊಡುವಾಗ ಅವರೂ ನಮ್ಮ ಭುಜದ ಮೇಲಿಂದ ಒಳಗೆ ಇಣುಕುತ್ತಿದ್ದರು, ನಾವೂ ಇಣುಕುತ್ತಿದ್ದೆವು. ಅಪ್ಪನಿಗೆ ಅವನ ಮೇಲೆ ಸಿಟ್ಟೇನೂ ಇರಲಿಲ್ಲ, ನಂಬಿಕೆ ಇರಲಿಲ್ಲ ಅಷ್ಟೇ. ನಾವು ಮಾಡಹೊರಟಿದ್ದ ಪ್ರೋಗ್ರಾಂ ಏನೆಂದು ಕೇಳಿದ ಮೇಲಂತೂ ಅವನ ಕೈಯ ರೊಟ್ಟಿ ಪುಂಡಿಪಲ್ಯದ ಮೇಲೆಯೇ ನಿಂತಿತು. ಸೀರೆಯ ಅಂಚನ್ನು ಪರದೆಯ ಮೇಲೆ ಬಿಡಿಸುವ ಪ್ರೋಗ್ರಾಂ ಅದು. ಗೂಟವಿದ್ದಲ್ಲಿ ಒಂದು, ಇಲ್ಲದಲ್ಲಿ ಸೊನ್ನೆ ಎಂದು ಕೊಟ್ಟರೆ ಪರದೆಯಲ್ಲಿ ಬಣ್ಣದ ಚೌಕಗಳು ಏಳುತ್ತಾ ಗುಡಿಯ ಸಾಲು ಮೂಡಬೇಕು. ಬೇರೆಯವರು ಕ್ಯಾಲ್ಕುಲೇಟರ್ ಮಾಡಿಕೊಂಡು ಬರುತ್ತಾರೆ, ನೀವು ನಿಮ್ಮ ಮನೆಯದನ್ನು ತನ್ನಿ ಎಂದಿದ್ದರು ಟೀಚರ್. ಅವ್ವ ನಡುವೆ ಬಂದಳು.

"ಓದೋ ಹುಡುಗಿ ಕೇಳಾಕತ್ತೈತಿ, ಹೂಂ ಅನ್ನಬಾರದೇನ್ರೀ? ಊರಿಗೆಲ್ಲ ಗೊತ್ತಿದ್ದ ಹಳೆ ಅಂಚು ಹಾಕಲಿ. ಅದರಾಗ ಏನು ಕದೀತಾರ?"

ಅಪ್ಪ ಹೂಂ ಎಂದ. ಹಳೆಯ ಗುಡಿ ಅಂಚು ಮಾತ್ರ, ಸರಿತಾ ನಮ್ಮ ಮನೆಗೆ ಬರುವಂತಿಲ್ಲ, ನಾನು ಅವರ ಮನೆಗೆ ಹೋಗುವಂತಿಲ್ಲ, ಇಬ್ಬರೂ ಶಾಲೆಯಲ್ಲೋ ಟೀಚರ್ ಮನೆಯಲ್ಲೋ ಕುಳಿತು ಮಾಡಬೇಕು. ನಾನು ಎಲ್ಲದಕ್ಕೂ ತಲೆಯಾಡಿಸಿದೆ.

ಮೊದಲ ಭಾನುವಾರವೇ ಸರಿತಾ ಬಾಗಿಲಿಗೆ ಬಂದಳು. ಮಕ್ತಲ್ ಬಸ್ಸಿಗೆ ಹೊತ್ತಾಗುತ್ತದೆಂದು ಕರೆಯಲು ಬಂದಿದ್ದಳು, ನಿಯಮ ಅವಳಿಗೇನು ಗೊತ್ತು? ಅಪ್ಪ ಕೌದಿ ಎಳೆದ. ಅವ್ವ ನೀರಿನ ಚೊಂಬಿಗೆ ಎದ್ದಳು. ಹೋದ ಕರೆಂಟು ಅದೇ ಹೊತ್ತಿಗೆ ಬರಬೇಕೇ? ಮೂಲೆಯ ಫ್ಯಾನು ಒಮ್ಮೆಲೇ ತಿರುಗಿ, ಕೌದಿಯ ಮೂಲೆ ಹಾರಿ, ಒಂದು ಮೊಳದಷ್ಟು ಅಂಚು ಬಿಸಿಲಿಗೆ ಬಿತ್ತು. ಸರಿತಾ ಕಣ್ಣು ಮುಚ್ಚಿಕೊಳ್ಳುವ ಜಾತಿಯವಳಲ್ಲ.

"ಅಬ್ಬಾ! ದೀಪ ಎಷ್ಟ್ ನೆಟ್ಟಗ ನಿಂತಾವ ಮಾಮಾ!"

ಅಪ್ಪ ನಕ್ಕ. ಆ ನಗು ನನಗೆ ಗೊತ್ತಿತ್ತು, ಹಾಲಿನವನಿಗೆ ನಗುವ ನಗು. ನಾನು ಅವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದೆ.

ಮಕ್ತಲ್‌ನಲ್ಲಿ ಟೀಚರ್ ಮನೆ ಬಸ್ ನಿಲ್ದಾಣದ ಹಿಂದೆಯೇ. ಅವರ ಅಮ್ಮಿ ನಮಗೆ ಬಿಸಿ ಖಿಚಡಿ, ಹುಣಸೆಹುಳಿಯ ಖಟ್ಟಾ ಬಡಿಸುತ್ತಿದ್ದರು. ಊಟ ಮುಗಿದ ಮೇಲೆ ಕಂಪ್ಯೂಟರಿನ ಮೇಲಿನ ಜರಿಯಂಚಿನ ಬಟ್ಟೆಯನ್ನು ಟೀಚರ್ ತೆಗೆಯುತ್ತಿದ್ದರು. ಅವರ ಮನೆಯಲ್ಲಿ ಮುಚ್ಚಿದ್ದನ್ನು ನಮಗಾಗಿ ತೆಗೆಯುತ್ತಾರೆ ಎನ್ನುವುದು ನನಗೆ ಬಹಳ ದಿನ ವಿಚಿತ್ರವಾಗಿ ಕಂಡಿತು. ನಮ್ಮ ಪ್ರೋಗ್ರಾಂ ಮೊದಲ ಗುಡಿಯನ್ನು ಚೆನ್ನಾಗಿಯೇ ಕಟ್ಟಿತು. ಎರಡನೆಯ ಗುಡಿ ಬರುವಾಗ ಮೊದಲನೆಯದರ ಕೊನೆಯ ಮೆಟ್ಟಿಲನ್ನು ತಿಂದಿತು. ಮೂರನೆಯದು ಎರಡನೆಯದನ್ನು ತಿಂದಿತು. ಪರದೆಯ ತುದಿಗೆ ಬರುವಷ್ಟರಲ್ಲಿ ಗುಡಿಗಳು ಜಾತ್ರೆಯ ಬಸ್ಸಿನಲ್ಲಿ ನಿಂತವರ ಹಾಗೆ ಒಬ್ಬರ ಮೈಮೇಲೆ ಒಬ್ಬರು ಬಿದ್ದಿದ್ದವು. ಸಂಜೆಯವರೆಗೆ ಹುಡುಕಿದರೂ ತಪ್ಪು ಸಿಗಲಿಲ್ಲ. ಟೀಚರ್‌ಗೆ ಸಿಕ್ಕಿತ್ತೆಂದು ಅವರ ಮುಖ ಹೇಳುತ್ತಿತ್ತು, ಬಾಯಿ ಮಾತ್ರ ಬಿಡಲಿಲ್ಲ.

"ನೋಡ್ರಿ ಅಮ್ಮಾ, ಇದು ಭರೋಸಾ ಇಡೋ ಕೆಲಸ ಅಲ್ಲ, ಶಕ್ ಮಾಡೋ ಕೆಲಸ. ಒಂದೊಂದು ಸಾಲಿನ ಮ್ಯಾಲೂ ಶಕ್ ಮಾಡ್ರಿ. ಎಲ್ಲಾಕ್ಕಿಂತ ಪೈಲೆ, ಇದು ಪಕ್ಕಾ ಸರಿ ಐತಿ ಅಂತ ನಿಮಗ ಅನಸತೈತಲ್ಲ, ಆ ಸಾಲಿನ ಮ್ಯಾಲೆ."

ಶಕ್, ಅಂದರೆ ಅನುಮಾನ, ಎಂಬ ಮಾತು ಕೇಳಿ ನನಗೆ ಖಿಚಡಿಗಿಂತ ಹಿತವಾಯಿತು. ಹುಟ್ಟಿದಾಗಿನಿಂದ ಕಲಿತದ್ದನ್ನು ಯಾರೋ ವಿದ್ಯೆ ಎಂದು ಕರೆಯುತ್ತಿದ್ದರು. ಈ ಸ್ಪರ್ಧೆ ನನಗಾಗಿಯೇ ಹುಟ್ಟಿದೆ ಎಂದುಕೊಂಡು ಬಸ್ಸಿನ ಕಿಟಕಿಗೆ ತಲೆಯಿಟ್ಟು ಊರಿಗೆ ಬಂದೆ.

ಕೆಲವು ವಾರಗಳ ಮೇಲೆ ಅಪ್ಪ ನೇಯ್ದ ಸೀರೆಗಳನ್ನು ಗಂಟು ಕಟ್ಟಿಕೊಂಡು ಗದ್ವಾಲಕ್ಕೆ ಹೋದ. ಅಲ್ಲಿನ ಒಂದು ಅಂಗಡಿಗೆ ಕೊಡುವುದು ರೂಢಿ. ಮಧ್ಯಾಹ್ನವೇ ತಿರುಗಿ ಬಂದ. ಗಂಟು ಹಾಗೇ ಇತ್ತು. ಕಾಲು ತೊಳೆಯದೆ ಒಳಗೆ ಬಂದು ಗಂಟನ್ನು ಮಗ್ಗದ ಮೇಲೆ ಎಸೆದ. ನಮಗಿಂತ ಎರಡು ದಿನ ಮೊದಲು ನರಸಪ್ಪ ಗುಡಿ-ದೀಪದ ಸೀರೆ ಅಲ್ಲಿಗೆ ಮುಟ್ಟಿಸಿದ್ದನಂತೆ.

"ಅದೇ ಗುಡಿ, ಅದೇ ದೀಪ. ಕುಡಿ ಒಂದ್ ಎಡಕ್ಕ ವಾಲಿಸ್ಯಾನ, ಗುರುತು ಹತ್ತಬಾರದು ಅಂತ. ಅಂಗಡಿಯಾವ ಏನಂದ ಗೊತ್ತೇನು? ಇವನ ದೀಪದಾಗ ಗಾಳಿ ಐತಂತ, ಜೀವ ಐತಂತ. ನಂದು ಸತ್ತ ದೀಪ ಅಂತ!"

ಅಪ್ಪ ನನ್ನ ಕಡೆ ತಿರುಗಿದ. ಅವನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಬಂದಿದ್ಲು, ನೋಡಿದ್ಲು, ಹೋಗಿ ಹೇಳಿದ್ಲು. ಗದ್ವಾಲ ಇಲ್ಲ, ಸ್ಪರ್ಧೆ ಇಲ್ಲ. ಶಾಲೀಗೆ ಹೋಗು, ಬಾ. ಆ ಹುಡುಗಿ ಜೋಡಿ ಕುಂತದ್ದು ಕೇಳಿದ್ರ ಶಾಲೀನೂ ಇಲ್ಲ."

ಮರುದಿನ ಟೀಚರ್‌ಗೆ ಹೇಳಿದೆ. ಶುಕ್ರವಾರ ಹೆಸರು ಕಳಿಸಬೇಕು, ಅಷ್ಟರೊಳಗೆ ಮನೆಯವರನ್ನು ಒಪ್ಪಿಸು, ಇಲ್ಲದಿದ್ದರೆ ಇಬ್ಬರ ಹೆಸರೂ ಹೋಗುವುದಿಲ್ಲ ಎಂದರು. ಬೇರೆ ಜೋಡಿ ಹುಡುಕಲು ಕಂಪ್ಯೂಟರ್ ಮುಟ್ಟಿದ ಹುಡುಗಿಯರೇ ನಮ್ಮ ಶಾಲೆಯಲ್ಲಿ ಇರಲಿಲ್ಲ. ಪಾಠದ ಹೊತ್ತಿನಲ್ಲಿ ಟೀಚರ್ ಎಲ್ಲರನ್ನೂ ಕೂರಿಸುವಂತೆ ನಮ್ಮಿಬ್ಬರನ್ನೂ ಒಂದೇ ಕಂಪ್ಯೂಟರಿನ ಮುಂದೆ ಕೂರಿಸಿದರು. ನಾನು ಕುರ್ಚಿಯನ್ನು ಒಂದಿಷ್ಟು ದೂರ ಎಳೆದುಕೊಂಡೆ. ಸರಿತಾಳಿಗೆ ಆಗಲೇ ಸುದ್ದಿ ಮುಟ್ಟಿತ್ತು. ಹಿತ್ತಲ ಗೋಡೆ ಹೋಳಿಗೆಯನ್ನು ದಾಟಿಸುವಷ್ಟೇ ಸಲೀಸಾಗಿ ಬೈಗುಳವನ್ನೂ ದಾಟಿಸುತ್ತಿತ್ತು.

"ನಮ್ಮಪ್ಪ ಎಲ್ಲಿಂದ ತಂದಾನೋ ನನಗ್ಗೊತ್ತಿಲ್ಲ ಲಲ್ಲೀ. ನಾ ಮಾತ್ರ ಹೇಳಿಲ್ಲ."

"ಕೇಳಿದೇನು ಅವನ್ನ?"

"ಕೇಳಿದೆ. ನಿನಗ್ಯಾಕ ಬೇಕು, ದೇವರು ಕೊಟ್ಟ ಅಂದ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಹಿಡಿಯುವುದು ಸುಲಭ. ಇವಳು ಹೆಗಲು ಮುಟ್ಟಿಕೊಳ್ಳಲಿಲ್ಲ. ನನ್ನನ್ನೇ ದಿಟ್ಟಿಸಿ ನೋಡಿದಳು. ಕಲಿತ ಕಳ್ಳರು ಹೀಗೇ ನೋಡುತ್ತಾರೆ ಎಂದು ನನಗೆ ಅನಿಸಿತು. ನಿಜವಂತರೂ ಹೀಗೇ ನೋಡುತ್ತಾರಲ್ಲ ಎಂದೂ ಅನಿಸಿತು. ಎರಡನ್ನೂ ಬೇರೆ ಮಾಡಲು ನನಗೆ ಯಾರೂ ಕಲಿಸಿರಲಿಲ್ಲ. ಮಾತು ಬೇಡವೆಂದು ಇಬ್ಬರೂ ಪರದೆಯ ಮೇಲೆ ಕಣ್ಣಿಟ್ಟೆವು. ಗುಡಿಗಳು ಎಂದಿನಂತೆ ಒಂದನ್ನೊಂದು ತಿನ್ನುತ್ತಿದ್ದವು. ನಾನು ಗುಡಿಯನ್ನು ಒಂದರ ಪಕ್ಕ ಒಂದು ಬಿಡಿಸುತ್ತಾ ಹೋಗುವ ಲೂಪಿನ ಸಾಲುಗಳನ್ನು ಮತ್ತೆ ಮತ್ತೆ ಓದಿದೆ, ಕಷ್ಟದ ಜಾಗ ಅದು, ತಪ್ಪು ಅಲ್ಲೇ ಇರಬೇಕು. ಸರಿತಾ ಬಹಳ ಹೊತ್ತಿನ ಮೇಲೆ ಬೆರಳನ್ನು ಮೇಲಕ್ಕೆ ಸರಿಸುತ್ತಾ ಸರಿಸುತ್ತಾ ಹೋಗಿ ಮೊಟ್ಟಮೊದಲ ಸಾಲಿನ ಮೇಲೆ ಇಟ್ಟಳು. ಗುಡಿಯ ಅಗಲ ಎಷ್ಟು ಎಂದು ಬರೆದ ಸಾಲು ಅದು. ಚೌಕಗಳನ್ನು ಎಣಿಸುವ ಬದಲು ನಾವು ಚೌಕಗಳ ನಡುವಿನ ಗೆರೆಗಳನ್ನು ಎಣಿಸಿದ್ದೆವು, ಒಂದು ಕಡಿಮೆ ಬಿದ್ದಿತ್ತು. ಅಗಲ ತಿದ್ದಿದ ಕೂಡಲೇ ಗುಡಿಗಳು ಮೈ ಬಿಡಿಸಿಕೊಂಡು ಸಾಲಾಗಿ ನಿಂತವು.

"ಇದನ್ನ ನೋಡೇ ಇಲ್ಲಲ್ಲ ನಾವು," ಎಂದಳು ಸರಿತಾ. "ಮೊದಲನೇದು ಅಂತ ಬಿಟ್ವಿ."

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಮೊದಲನೆಯದು ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತು. ಸಂಜೆ ಕಂಡಿಕೆ ಸುತ್ತುವಾಗಲೂ ಅದೇ. ಸರಿತಾ ನಮ್ಮ ಮಗ್ಗದ ಮೇಲೆ ನೋಡಿದ್ದು ನೆಟ್ಟಗಿನ ದೀಪ. ಅವಳ ಬಾಯಿಂದಲೇ ಬಂದ ಮಾತು ಅದು, ಅಪ್ಪನೂ ಕೇಳಿದ್ದ. ನರಸಪ್ಪನ ಸೀರೆಯಲ್ಲಿದ್ದದ್ದು ಎಡಕ್ಕೆ ವಾಲಿದ ದೀಪ. ಗುರುತು ಮರೆಸಲು ವಾಲಿಸಿದ ಎಂದು ಅಪ್ಪ ಹೇಳುತ್ತಾನೆ. ಹಾಗಾದರೆ ಬಲಕ್ಕೇಕೆ ವಾಲಿಸಲಿಲ್ಲ? ಎರಡು ಕುಡಿ ಯಾಕೆ ಮಾಡಲಿಲ್ಲ? ಅಪ್ಪ ಮೊದಲು ಮಾಡಿದ ತಪ್ಪನ್ನೇ, ಅದೇ ಕಡೆಗೆ, ಅವನೂ ಹೇಗೆ ಮಾಡಿದ? ಆ ತಪ್ಪು ಇದ್ದದ್ದು ಒಂದೇ ಒಂದು ಗೇಣಿನಲ್ಲಿ. ಆ ಗೇಣು ನಮ್ಮ ಮನೆಯಿಂದ ಹೊರಗೆ ಹೋದದ್ದು ಒಂದೇ ಒಂದು ಜಾಗಕ್ಕೆ. ನನ್ನ ಕೈಯ ನೂಲು ಕಡಿಯಿತು, ಅವ್ವ ಬೈದಳು.

ಮಂಗಳವಾರ ಆಯಿಯ ಜೊತೆ ಗುಡಿಗೆ ಎಣ್ಣೆಯ ಗಿಂಡಿ ಹಿಡಿದು ಹೋಗುವ ಕೆಲಸ ನನ್ನದು. ಬಾಗಿಲ ಚೌಕಟ್ಟಿನ ತುಂಬ ನಮ್ಮ ಮನೆಯ ಗೇಣುಗಳು. ಹಳೆಯವು ಎಣ್ಣೆ-ಹೊಗೆಗೆ ಕಪ್ಪಾಗಿ ಯಾವುದು ಹೂವು ಯಾವುದು ಹಂಸ ತಿಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ಈಚೆಗೆ, ಕೈಮುಗಿಯುವವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಹೊಸ ಗೇಣು ನೇತಾಡುತ್ತಿತ್ತು. ಎರಡು ಗುಡಿ, ನಡುವೆ ದೀಪ, ಮತ್ತೆ ಗುಡಿ, ಮತ್ತೆ ದೀಪ. ಕುಡಿಗಳೆರಡೂ ಎಡಕ್ಕೆ. ಓಣಿಯ ನೇಕಾರರೆಲ್ಲ ಹೊಸ ಹಾಸು ಏರಿಸುವ ಮೊದಲು ಇಲ್ಲಿಗೆ ಬಂದು ಕೈಮುಗಿದು ಹೋಗುತ್ತಾರೆ. ಮನೆಯಲ್ಲಿ ಕೌದಿ ಹೊದಿಸಿ ಕಾಯ್ದದ್ದನ್ನು ನಾವೇ ತಂದು ದಾರಿಯ ಬಾಗಿಲಿಗೆ ಕಟ್ಟಿದ್ದೆವು. ಅದೂ ಒಂದು ವರ್ಷವಲ್ಲ, ಅಜ್ಜನ ಕಾಲದಿಂದ. ಹೊಸ ಅಂಚು ಒಂದು ಹಂಗಾಮಿಗಿಂತ ಹೆಚ್ಚು ನಮ್ಮದಾಗಿ ಏಕೆ ಉಳಿಯುತ್ತಿರಲಿಲ್ಲ ಎಂದು ಅಪ್ಪ ಎಷ್ಟು ಜನರ ಮೇಲೆ ಅನುಮಾನ ಪಟ್ಟಿದ್ದ! ನನಗೆ ನಗು ಬಂತು, ಹಿಂದೆಯೇ ಹೆದರಿಕೆಯೂ ಬಂತು. ಇದನ್ನು ಹೇಳಿದರೆ ಆಯಿಯ ಮನಸ್ಸು ಒಡೆಯುತ್ತದೆ. ಹೇಳದಿದ್ದರೆ ಶುಕ್ರವಾರ ಕಳೆದುಹೋಗುತ್ತದೆ, ಸರಿತಾ ಜನ್ಮಪೂರ್ತಿ ಕಳ್ಳಿಯಾಗಿ ಉಳಿಯುತ್ತಾಳೆ.

"ಆಯೀ, ಈ ದೀಪ ನೋಡು."

ಆಯಿ ನೋಡಿದಳು. ನರಸಪ್ಪನ ದೀಪ ಯಾವ ಕಡೆ ವಾಲಿದೆಯೆಂದು ಅಪ್ಪ ಹೇಳಿದ್ದನ್ನು ನೆನಪಿಸಿದೆ. ಅವಳಿಗೆ ಬಿಡಿಸಿ ಹೇಳುವುದು ಬೇಕಿರಲಿಲ್ಲ. ಎಣ್ಣೆಯ ಗಿಂಡಿಯನ್ನು ನನ್ನ ಕೈಯಿಂದ ಕಸಿದುಕೊಂಡಳು.

"ಚೌಡವ್ವನ ಮ್ಯಾಲೆ ಅನುಮಾನ ಮಾಡ್ತಿಯೇನ ಬೇ?"

"ಚೌಡವ್ವನ ಮ್ಯಾಲೆ ಅಲ್ಲ ಆಯೀ. ಬಾಗಿಲ ಮ್ಯಾಲೆ."

ಆಯಿ ಒಳಗೆ ಬಗ್ಗಿದಳು. ದೀಪಕ್ಕೆ ಎಣ್ಣೆ ಹಾಕಿದಳು, ಬತ್ತಿ ಮುಂದೆ ಮಾಡಿದಳು, ಒಳಗೆ ನೋಡುತ್ತಾ ಕೈಮುಗಿದಳು. ದೇವಿಯ ಹತ್ತಿರ ಅವಳು ಏನು ಕೇಳಿದಳೋ ನನಗೆ ಗೊತ್ತಿಲ್ಲ. ಆಮೇಲೆ ಕೈ ಎತ್ತಿ ಗಂಟು ಬಿಚ್ಚಿ ಹೊಸ ಗೇಣನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಕಟ್ಟಿದ್ದನ್ನು ಅವಳು ಬಿಚ್ಚಿದ್ದು ನಾನು ಕಂಡದ್ದು ಅದೊಂದೇ ಸಲ. ಮನೆಗೆ ಬರುವ ದಾರಿಯಲ್ಲಿ ಅವಳ ಕೈ ಹಿಡಿದುಕೊಂಡೆ. ಅಪ್ಪ ಮಗ್ಗದಲ್ಲಿದ್ದ. ಚಪ್ಪಲಿಯ ಸಪ್ಪಳಕ್ಕೆ ಅವನ ಕೈ ಕೌದಿಗೆ ಹೋಯಿತು.

"ಬಿಡು, ಬಿಡು. ಮುಚ್ಚಿ ಏನು ಮಾಡ್ತಿ?" ಎಂದು ಆಯಿ ಆ ತುಂಡನ್ನು ಹಾಸಿನ ಮೇಲೆ ಬಿಡಿಸಿಟ್ಟಳು. "ನಿನ್ನ ಕೈಯ ತಪ್ಪು ನೋಡು. ಕೂಸು ಕಂಕುಳಾಗ ಇಟ್ಕೊಂಡು ಊರೆಲ್ಲ ಹುಡುಕಿದ್ವಿ."

ಅಪ್ಪ ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. ಎಡಕ್ಕೆ ವಾಲಿದ ಕುಡಿಯ ಮೇಲೆ ಉಗುರಿಟ್ಟು ಎಳೆ ಎಳೆಯಾಗಿ ನೋಡಿದ. ಅವನ ಕಿವಿಗಳು ಕೆಂಪಾದವು.

"ಹಂಗಾದ್ರ ಆ ನರಸಪ್ಪ ಗುಡಿಯಾಗ ನಿಂತು ಕದ್ದಾನ! ದೇವಿದು ಕದ್ದಾನ!"

"ಕದ್ದದ್ದೆಲ್ಲಿ ಬಂತು? ನಾವು ಕೊಟ್ಟಿದ್ದು ಆಕಿಗೆ. ಆಕಿ ಯಾರಿಗೆ ಕೊಟ್ಲು ಅನ್ನೋದು ಹೋಗಿ ಆಕೀನ ಕೇಳು."

ಆಯಿ ಅಲ್ಲೇ ಗೋಡೆಗೆ ಒರಗಿ ಕುಳಿತಳು. ಅಳುತ್ತಿದ್ದಳೆಂದು ಅವಳ ಭುಜ ನೋಡಿದ ಮೇಲೆ ಗೊತ್ತಾಯಿತು. ಅವ್ವ ಬಂದು ಪಕ್ಕದಲ್ಲಿ ಕುಳಿತಳು. ಅಪ್ಪ ಆ ದಿನ ಮತ್ತೆ ಲಾಳಿ ಹಿಡಿಯಲಿಲ್ಲ. ಗುರುವಾರ ಊಟದ ಹೊತ್ತಿಗೆ, ರೊಟ್ಟಿಯನ್ನೇ ನೋಡುತ್ತಾ, ಯಾರಿಗೆ ಹೇಳುತ್ತಿದ್ದಾನೋ ತಿಳಿಯದ ಹಾಗೆ ಹೇಳಿದ.

"ಗದ್ವಾಲಕ್ಕ ಹೋಗೋದಿದ್ರ ಆಯೀನ ಕರ್ಕೊಂಡ್ ಹೋಗ್ರಿ. ಇಬ್ಬರೇ ಹುಡುಗ್ಯಾರು ಬ್ಯಾಡ."

ತಪ್ಪಾಯಿತು ಎಂದು ಅವನು ಸರಿತಾಳಿಗೂ ಹೇಳಲಿಲ್ಲ, ನರಸಪ್ಪನಿಗೂ ಹೇಳಲಿಲ್ಲ. ಹೊರಡುವ ದಿನ ಅವಳು ಬಾಗಿಲಿಗೆ ಬಂದಾಗ ಎಂದಿನಂತೆ ಕೌದಿ ಎಳೆದ. ಎಳೆದು, "ಒಳಗ ಬಾ, ಚಹಾ ಕುಡಿದು ಹೋಗ್ರಿ" ಎಂದ. ಮುಚ್ಚಿದ ಮಗ್ಗದ ಪಕ್ಕದಲ್ಲೇ ಕುಳಿತು ಅವಳು ಚಹಾ ಕುಡಿದಳು. ಅವಳ ಕಣ್ಣು ಒಮ್ಮೆಯೂ ಕೌದಿಯ ಕಡೆ ಹೋಗಲಿಲ್ಲ, ಬೇಕೆಂದೇ ಹೋಗಲಿಲ್ಲ ಎಂದು ನಮಗೆಲ್ಲ ತಿಳಿಯುವ ಹಾಗೆ. ಮಕ್ತಲ್‌ನಲ್ಲಿ ಟೀಚರ್ ಹತ್ತಿದರು. ಜೂರಾಲ ಆಣೆಕಟ್ಟಿನ ಮೇಲೆ ಬಸ್ಸು ಹೋಗುವಾಗ ಆಯಿ ಕಿಟಕಿಯಿಂದ ಕೈ ಹೊರಗೆ ಚಾಚಿ ಕೃಷ್ಣೆಗೆ ಮುಗಿದಳು, ಮರುಕ್ಷಣವೇ ಕಂಡಕ್ಟರ್ ಕೊಟ್ಟ ಟಿಕೆಟನ್ನು ಬೆಳಕಿಗೆ ಹಿಡಿದು ನೋಡಿದಳು.

ಕಾಲೇಜಿನಲ್ಲಿ ಮೊದಲು ನಮ್ಮ ಗುಡಿಗಳನ್ನು ತೋರಿಸಿದೆವು, ಅವು ಮರ್ಯಾದೆಯಿಂದ ಸಾಲಾಗಿ ನಿಂತವು. ಆಮೇಲೆ ತಪ್ಪಿರುವ ಒಂದು ಪ್ರೋಗ್ರಾಂ ಎಲ್ಲರಿಗೂ ಕೊಟ್ಟು ತಪ್ಪು ಹುಡುಕಿ ಎಂದರು. ಕೋಣೆಯ ಮಕ್ಕಳೆಲ್ಲ ನಡುವಿನ ಕಷ್ಟದ ಸಾಲುಗಳಿಗೆ ಧಾವಿಸಿದರು. ಸರಿತಾ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ, ಇಬ್ಬರ ಬೆರಳೂ ಮೊದಲ ಸಾಲಿಗೆ ಹೋಯಿತು. ತಪ್ಪು ಅಲ್ಲಿರಲಿಲ್ಲ. ಕೊನೆಯ ಸಾಲಿನಲ್ಲಿತ್ತು, ಅಷ್ಟರಲ್ಲಿ ಬೇರೆಯವರು ಹಿಡಿದಿದ್ದರು. ನಮಗೆ ಮೂರನೆಯ ಬಹುಮಾನ ಬಂತು, ಗುಡಿಗಳ ಪುಣ್ಯದಿಂದ. ಪ್ರಶಸ್ತಿಪತ್ರ ಹಳೆಯ ದಾಸ್ತಾನಿನದು, ರಾಜ್ಯದ ಹೆಸರಿನ ಮೇಲೆ ಹೊಸ ಹೆಸರಿನ ಚೀಟಿ ಅಂಟಿಸಿದ್ದರು. ಬಸ್ಸಿನಲ್ಲಿ ಆಯಿ ಅದನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ಕೆಳಗೇನಿದೆ ಎಂದು ನೋಡುವುದನ್ನು ಟೀಚರ್ ಕಷ್ಟಪಟ್ಟು ತಡೆದರು. ಇಂದಿಗೂ ಅದರ ಒಂದು ಮೂಲೆ ಎದ್ದೇ ಇದೆ.

ಈಗ ನಾನೂ ಮಕ್ತಲ್‌ನಲ್ಲಿ ಮಕ್ಕಳಿಗೆ ಇದೇ ವಿದ್ಯೆ ಕಲಿಸುತ್ತೇನೆ. ಶಕ್ ಮಾಡಿ ಎಂದು ಟೀಚರ್ ಹೇಳಿದ್ದನ್ನೇ ಹೇಳುತ್ತೇನೆ. ಅನುಮಾನ ಎಲ್ಲಿ ನಿಲ್ಲಬೇಕು ಎಂದು ಅವರು ಕೇಳಿದರೆ ಗದ್ವಾಲದಿಂದ ಬಂದ ಮೇಲೆ ನಡೆದದ್ದೊಂದು ನೆನಪಿಗೆ ಬರುತ್ತದೆ. ಅಪ್ಪ ಮುಂದಿನ ಹಾಸು ಏರಿಸಿದ. ಅಂಚು ಹೊಸದು. ಪರೀಕ್ಷೆಯ ಗೇಣನ್ನು ಕತ್ತರಿಸಿ ಕೈಯಲ್ಲೇ ಹಿಡಿದುಕೊಂಡು ಕುಳಿತ. ಆಯಿ ಎಂದಿನಂತೆ ಮಡಿಲೊಡ್ಡಿ ನಿಂತಿದ್ದಳು.

"ಈ ಸಲ ಒಂದೆಳೆ ನೂಲು ಕಟ್ಟಿದ್ರ ಸಾಲದೇನವ್ವಾ?"

"ಹಳದಿ ಅರಿವ್ಯಾಗ ಗಂಟು ಕಟ್ಟಿ ಕೊಡು. ಆಕಿಗೆ ಗಂಟಿನ ಒಳಗೂ ಕಾಣತೈತಿ."

ಅಪ್ಪ ಗೇಣನ್ನು ಮಡಿಸಿ, ಅರಿಶಿನದ ಬಟ್ಟೆಯಲ್ಲಿಟ್ಟು, ಗಂಟಿನ ಮೇಲೆ ಗಂಟು ಹಾಕಿದ. ತನ್ನ ಪಾಲಿನ ಪ್ರಶಸ್ತಿಪತ್ರವನ್ನು ಅವ್ವನಿಗೆ ತೋರಿಸಲು ಬಂದಿದ್ದ ಸರಿತಾ ಬಾಗಿಲಲ್ಲೇ ನಿಂತಿದ್ದಳು. ಆಯಿ ಆ ಗಂಟನ್ನು ನನಗೆ ಕೊಡಲಿಲ್ಲ, ತಾನೂ ಇಟ್ಟುಕೊಳ್ಳಲಿಲ್ಲ. ಅಪ್ಪನ ಕಣ್ಣೆದುರಿಗೇ ಸರಿತಾಳ ಅಂಗೈ ಬಿಡಿಸಿ ಅದರಲ್ಲಿಟ್ಟಳು.

"ನನ್ನ ಮೊಣಕಾಲು ನೋಯ್ತಾವ. ನೀ ಕಟ್ಟಿ ಬಾ."

ಬಿಚ್ಚಬೇಡ ಎಂದು ಹೇಳಲಿಲ್ಲ. ಅಪ್ಪ ಕುಣಿಯಿಂದ ಎದ್ದು ಹೊಸ್ತಿಲವರೆಗೆ ಬಂದ, ಆಯಿಯ ಮುಖ ನೋಡಿ ತಿರುಗಿ ಕುಣಿಗೆ ಇಳಿದ. ನಾವಿಬ್ಬರೂ ಓಣಿಯಲ್ಲಿ ನಡೆದೆವು. ಸರಿತಾ ಗಂಟನ್ನು ಎದೆಯ ಹತ್ತಿರ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಾನು ಗಂಟು ಕಾಣುವ ಹಾಗೆ ಅವಳಿಗಿಂತ ಅರ್ಧ ಹೆಜ್ಜೆ ಹಿಂದೆ ನಡೆದೆ. ಬೇವಿನ ಮರದ ಕೆಳಗೆ ಬಂದು, ಹಿಮ್ಮಡಿ ಎತ್ತಿ, ಚೌಕಟ್ಟಿನ ಎತ್ತರದ ಮೊಳೆಗೆ ಅದನ್ನು ಭದ್ರವಾಗಿ ಕಟ್ಟಿದಳು. ಕೈಮುಗಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು.

"ನನ್ನ ಬೆರಳು ನೋಡೋದು ಮುಗೀತೇನು ಲಲ್ಲೀ?"